ಚೈನ್ ಹೋಟೆಲ್‌ಗಳಲ್ಲಿ ಜೈನ ಊಟ: ಯಾವುದು ನೆಚ್ಚಿನದು, ಏಕೆ

ಒಂದೇ ಹೆಸರು, ಒಂದೇ ತಿಂಡಿ ಪಟ್ಟಿ ಇಟ್ಟುಕೊಂಡು ಹಲವು ಊರುಗಳಲ್ಲಿ ಶಾಖೆ ನಡೆಸುವ ಉಪಾಹಾರ ಗೃಹಗಳನ್ನು ಜನ ಚೈನ್ ಹೋಟೆಲ್ ಎಂದೇ ಕರೆಯುತ್ತಾರೆ. ಹೊರಗೆ ಊಟ ಮಾಡುವ ಬಹುತೇಕ ಕುಟುಂಬಗಳಿಗೆ ಇಂಥ ಒಂದೆರಡು ಹೋಟೆಲ್ ನೆಚ್ಚಿನವಾಗಿರುತ್ತವೆ. ಬೆಂಗಳೂರಿನಲ್ಲಿ ತಿಂದ ದೋಸೆಯ ರುಚಿಯೇ ಮೈಸೂರಿನಲ್ಲೂ ಸಿಗುತ್ತದೆ, ಬೆಲೆ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಕೈತೊಳೆಯುವ ಜಾಗ ಚೊಕ್ಕಟವಾಗಿರುತ್ತದೆ ಎಂಬುದು ಸಾಮಾನ್ಯವಾಗಿ ಹೇಳುವ ಕಾರಣ.

ಜೈನ ಕುಟುಂಬಗಳಿಗೆ ಇದರ ಜೊತೆಗೆ ಇನ್ನೊಂದು ಪ್ರಶ್ನೆಯಿದೆ. ತಟ್ಟೆಗೆ ಬಂದದ್ದರಲ್ಲಿ ಏನೇನು ಸೇರಿದೆ ಎಂದು ಈ ಹೋಟೆಲ್ ನಿಖರವಾಗಿ ಹೇಳಬಲ್ಲದೆ? ಹಾಗೆ ಹೇಳಿದ್ದು ಎಲ್ಲ ಶಾಖೆಗಳಲ್ಲೂ ನಿಜವೆ? ಕಂದಮೂಲ ಬಿಟ್ಟವರಿಗೆ, ರಾತ್ರಿಭೋಜನ ತ್ಯಾಗದ ನಿಯಮ ಇಟ್ಟುಕೊಂಡವರಿಗೆ ಈ ಉತ್ತರ ರುಚಿಗಿಂತ ಮುಖ್ಯ. ಉತ್ತರ ತಪ್ಪಿದರೆ ಕೆಡುವುದು ಒಂದು ಹೊತ್ತಿನ ಊಟವಲ್ಲ, ಹತ್ತಾರು ವರ್ಷ ಪಾಲಿಸಿಕೊಂಡು ಬಂದ ನಿಯಮ. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಹೆಸರಾಂತ ಚೈನ್ ಹೋಟೆಲ್‌ಗಳ ಪರಿಚಯ, ಅವುಗಳ ಅಡುಗೆಮನೆ ಕೆಲಸ ಮಾಡುವ ರೀತಿ ಮತ್ತು ಆರ್ಡರ್ ಕೊಡುವಾಗ ಗಮನಿಸಬೇಕಾದ ವಿಷಯಗಳನ್ನು ಇಲ್ಲಿ ಕೊಡಲಾಗಿದೆ.

ಹೋಟೆಲ್ ಊಟಕ್ಕೆ ಸಂಬಂಧಿಸಿದ ನಿಯಮಗಳು

ಜೈನ ಆಹಾರ ಕ್ರಮದ ಆಚರಣೆ ಮನೆಯಿಂದ ಮನೆಗೆ, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗುತ್ತದೆ. ಕರಾವಳಿ, ಹಾಸನ, ಬೆಳಗಾವಿ ಕಡೆಯ ದಿಗಂಬರ ಕುಟುಂಬಗಳ ರೂಢಿಗೂ ರಾಜಸ್ಥಾನ, ಗುಜರಾತಿನಿಂದ ಬಂದು ಬೆಂಗಳೂರು, ಹುಬ್ಬಳ್ಳಿಯಲ್ಲಿ ನೆಲೆಸಿದ ಶ್ವೇತಾಂಬರ ಕುಟುಂಬಗಳ ರೂಢಿಗೂ ವ್ಯತ್ಯಾಸವಿದೆ. ಕೆಲವರು ವರ್ಷವಿಡೀ ಕಂದಮೂಲ ಬಿಡುತ್ತಾರೆ. ಕೆಲವರು ಅಷ್ಟಮಿ, ಚತುರ್ದಶಿ, ದಶಲಕ್ಷಣ ಪರ್ವ ಹಾಗೂ ಚಾತುರ್ಮಾಸದಲ್ಲಿ ಮಾತ್ರ ಬಿಡುತ್ತಾರೆ. ಹೋಟೆಲ್ ಊಟದ ಮಟ್ಟಿಗೆ ಎದುರಾಗುವ ವಿಷಯಗಳು ಮುಖ್ಯವಾಗಿ ಐದು.

ಮೊದಲನೆಯದು ಕಂದಮೂಲ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್, ಗೆಣಸು, ಸುವರ್ಣಗೆಡ್ಡೆ ಇವೆಲ್ಲ ಇದರಲ್ಲಿ ಬರುತ್ತವೆ. ಹಸಿಶುಂಠಿಯೂ ಗೆಡ್ಡೆಯೇ. ಒಣಗಿದ ಶುಂಠಿ ಮತ್ತು ಅರಿಸಿನ ಪುಡಿಯನ್ನು ಹೆಚ್ಚಿನವರು ಬಳಸುತ್ತಾರೆ.

ಎರಡನೆಯದು ಹೊತ್ತು. ಸೂರ್ಯಾಸ್ತದ ನಂತರ ಊಟವಿಲ್ಲ. ಇನ್ನೂ ಕಟ್ಟುನಿಟ್ಟಾಗಿ ಪಾಲಿಸುವವರು ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುತ್ತಾರೆ.

ಮೂರನೆಯದು ಹುಳಿ ಬಂದ ಹಿಟ್ಟು ಮತ್ತು ತಂಗಳು. ರಾತ್ರಿಯಿಡೀ ಹುದುಗಿದ ಇಡ್ಲಿ, ದೋಸೆ ಹಿಟ್ಟನ್ನು ಬಿಡುವವರು ಇದ್ದಾರೆ, ಬಳಸುವವರೂ ಇದ್ದಾರೆ.

ನಾಲ್ಕನೆಯದು ದ್ವಿದಳ. ಬೇಳೆಕಾಳಿನ ಜೊತೆ ಮೊಸರು, ಮಜ್ಜಿಗೆ ಸೇರಿದ ಪದಾರ್ಥವನ್ನು ನಿಯಮಸ್ಥರು ತಿನ್ನುವುದಿಲ್ಲ. ಮೊಸರು ವಡೆ ಇದಕ್ಕೆ ಸುಲಭವಾದ ಉದಾಹರಣೆ.

ಐದನೆಯದು ಜೇನುತುಪ್ಪ, ಅಂಜೂರ, ಬಹುಬೀಜವೆಂದು ಬಿಡುವ ಬದನೆ ಮುಂತಾದವು.

ಇವುಗಳಲ್ಲಿ ಮೊದಲಿನದು ಹೋಟೆಲಿನವರಿಗೆ ಬೇಗ ಅರ್ಥವಾಗುತ್ತದೆ. ಉಳಿದವನ್ನು ಕೇಳುವವರೇ ಬಿಡಿಸಿ ಹೇಳಬೇಕಾಗುತ್ತದೆ.

ಉಡುಪಿ ಹೋಟೆಲ್ ಪರಂಪರೆ

ದಕ್ಷಿಣ ಭಾರತದ ಸಸ್ಯಾಹಾರಿ ಚೈನ್ ಹೋಟೆಲ್‌ಗಳಲ್ಲಿ ಬಹುಪಾಲಿನ ಬೇರು ಉಡುಪಿ ಸೀಮೆಯಲ್ಲಿದೆ. ಅಷ್ಟಮಠಗಳ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿಗೆ ಜಾಗವಿಲ್ಲ. ಮಾಧ್ವ ಸಂಪ್ರದಾಯದ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಮುಂದಿನ ತಿಂಗಳು ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು ಬಿಡುವ ವ್ರತವಿದೆ. ಕೊನೆಯ ತಿಂಗಳಿನದಕ್ಕೂ ದ್ವಿದಳ ವ್ರತ ಎಂದೇ ಹೆಸರು. ಅಲ್ಲಿ ಅದರ ಅರ್ಥ ಬೇರೆ. ಹಾಗಿದ್ದರೂ, ಏನು ಹಾಕಬಾರದು ಎಂಬುದನ್ನು ಲೆಕ್ಕವಿಟ್ಟು ಅಡುಗೆ ಮಾಡುವ ಅಭ್ಯಾಸ ಈ ಬಾಣಸಿಗರಿಗೆ ಹೊಸದಲ್ಲ. ಮೂಡಬಿದಿರೆ, ಕಾರ್ಕಳದ ಜೈನ ಮನೆಗಳೂ ಉಡುಪಿಯ ಮಠಗಳೂ ಒಂದೇ ಸೀಮೆಯ ತೆಂಗು, ಹಲಸು, ಬಾಳೆ, ಸೌತೆಯಿಂದ ಅಡುಗೆ ಮಾಡಿಕೊಂಡು ಬಂದವು.

ಊರು ಬಿಟ್ಟು ನಗರಕ್ಕೆ ಬಂದ ಮೇಲೆ ಉಡುಪಿ ಹೋಟೆಲ್ ಬದಲಾಯಿತು. ಗಿರಾಕಿಗಳು ಕೇಳಿದ್ದರಿಂದ ಸಾಂಬಾರಿಗೆ ಈರುಳ್ಳಿ ಬಂತು, ಮಸಾಲೆ ದೋಸೆಯೊಳಗೆ ಆಲೂಗಡ್ಡೆ ಪಲ್ಯ ಬಂತು, ಕೆಂಪು ಚಟ್ನಿಗೆ ಬೆಳ್ಳುಳ್ಳಿ ಬಂತು. ಆದ್ದರಿಂದ ಬೋರ್ಡಿನ ಮೇಲೆ ಉಡುಪಿ ಎಂದಿರುವುದು ಕಂದಮೂಲವಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. ಮೊಟ್ಟೆ, ಮಾಂಸ ಒಳಗೆ ಬರುವುದಿಲ್ಲ ಎಂಬಷ್ಟನ್ನು ಮಾತ್ರ ಅದು ಸಾಮಾನ್ಯವಾಗಿ ಸೂಚಿಸುತ್ತದೆ.

ಈ ಪರಂಪರೆಯನ್ನು ಹೊರರಾಜ್ಯಗಳಿಗೆ ಒಯ್ದ ಹೆಸರುಗಳಲ್ಲಿ ವುಡ್‌ಲ್ಯಾಂಡ್ಸ್ ಪ್ರಮುಖವಾದದ್ದು. ದಕ್ಷಿಣ ಕನ್ನಡ ಮೂಲದ ಕೆ. ಕೃಷ್ಣರಾವ್ 1938ರಲ್ಲಿ ಚೆನ್ನೈನ ರಾಯಪೇಟೆಯಲ್ಲಿ ಅದನ್ನು ಆರಂಭಿಸಿದರು. ಉಡುಪಿ ತಿಂಡಿಯ ಜೊತೆ ವಸತಿಯ ವ್ಯವಸ್ಥೆಯೂ ಇದ್ದ ಈ ಹೋಟೆಲಿನ ಹೆಸರಿನಲ್ಲಿ ಮುಂದೆ ಹಲವು ಊರುಗಳಲ್ಲಿ ಸಸ್ಯಾಹಾರಿ ಹೋಟೆಲ್‌ಗಳು ತೆರೆದವು.

ಎಂಟಿಆರ್

ಕರ್ನಾಟಕದಲ್ಲಿ ನೆಚ್ಚಿನ ಹೋಟೆಲ್ ಯಾವುದು ಎಂದು ಕೇಳಿದರೆ ಮೊದಲು ಬರುವ ಹೆಸರುಗಳಲ್ಲಿ ಎಂಟಿಆರ್ ಒಂದು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಚಿಕ್ಕ ಹೋಟೆಲ್ ಇದು. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಎಂಬ ಹೆಸರು ಪಡೆಯಿತು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ಪ್ರವಾಸ ಮಾಡಿ ಬಂದ ಮೇಲೆ ಅಡುಗೆಮನೆಯ ಸ್ವಚ್ಛತೆಗೆ ಹೊಸ ಕ್ರಮಗಳನ್ನು ತಂದರು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದಾಗಿದ್ದುದು ಅಲ್ಲಿನ ವಿಶೇಷ. ನಿಯಮವಿಟ್ಟು ಉಣ್ಣುವವರಿಗೆ ಇದಕ್ಕಿಂತ ದೊಡ್ಡ ಭರವಸೆ ಬೇಕಿಲ್ಲ.

ಎರಡನೇ ಮಹಾಯುದ್ಧದ ಕಾಲದ ಅಕ್ಕಿ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡಿದ ಪ್ರಯೋಗ ರವೆ ಇಡ್ಲಿಯಾಗಿ ನೆಲೆನಿಂತ ಕಥೆ ಎಲ್ಲರಿಗೂ ಪರಿಚಿತ. ಹಿಟ್ಟನ್ನು ರಾತ್ರಿಯಿಡೀ ಹುದುಗಿಸುವ ಅಗತ್ಯ ರವೆ ಇಡ್ಲಿಗಿಲ್ಲ. ಹುಳಿಹಿಟ್ಟು ಬಿಟ್ಟವರಿಗೆ ಈ ಕಾರಣದಿಂದ ಅದು ಅನುಕೂಲ. ಆದರೆ ಹಿಟ್ಟಿಗೆ ಮೊಸರು ಬೀಳುತ್ತದೆ, ಒಗ್ಗರಣೆಯಲ್ಲಿ ಕಡಲೆಬೇಳೆ ಇರುವುದುಂಟು. ದ್ವಿದಳ ಪಾಲಿಸುವವರು ಇದನ್ನು ಗಮನಿಸಬೇಕು. ಜೊತೆಗೆ ಬರುವುದು ಆಲೂಗಡ್ಡೆ ಸಾಗು. ಕಂದಮೂಲ ಬಿಟ್ಟವರು ಸಾಗು ಬೇಡವೆಂದು ಮೊದಲೇ ಹೇಳಬೇಕು.

1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಯನ್ನು ತೀರ ಕಡಿಮೆ ಬೆಲೆಗೆ ಮಾರಬೇಕೆಂಬ ನಿಯಮ ಬಂದಾಗ ಹಿಂದಿನ ಗುಣಮಟ್ಟದಲ್ಲಿ ಹೋಟೆಲ್ ನಡೆಸುವುದು ಕಷ್ಟವಾಯಿತು. ಸಂಸ್ಥೆ ಸಿದ್ಧ ಮಿಶ್ರಣ, ಪುಡಿಗಳ ವ್ಯಾಪಾರದತ್ತ ತಿರುಗಿತು. ಆ ಪ್ಯಾಕೆಟ್ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಯ ಪಾಲಾಯಿತು. ಹೋಟೆಲ್‌ಗಳು ಕುಟುಂಬದ ಕೈಯಲ್ಲೇ ಉಳಿದವು. ಹಾಗಾಗಿ ಅಂಗಡಿಯಲ್ಲಿ ಸಿಗುವ ಎಂಟಿಆರ್ ಪ್ಯಾಕೆಟ್ ಮತ್ತು ಎಂಟಿಆರ್ ಹೋಟೆಲಿನ ತಿಂಡಿ ಎರಡೂ ಬೇರೆ ಬೇರೆ ಅಡುಗೆಮನೆಯವು. ಒಂದರಲ್ಲಿ ಏನಿದೆ ಎಂಬುದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಈಗ ಸಿಂಗಪುರ, ದುಬೈ, ಲಂಡನ್‌ನಲ್ಲೂ ಎಂಟಿಆರ್ ಹೋಟೆಲ್ ಇರುವುದರಿಂದ ಅಲ್ಲಿನ ಕನ್ನಡಿಗರಿಗೆ ಪೂರ್ಣ ಸಸ್ಯಾಹಾರಿ ಅಡುಗೆಮನೆಯೊಂದು ಸಿಕ್ಕಂತಾಗಿದೆ.

ಸಾಗರ್ ರತ್ನ, ಶರವಣ ಭವನ, ಅಡ್ಯಾರ್ ಆನಂದ ಭವನ

ಬಾಹುಬಲಿಯ ಊರಾದ ಕಾರ್ಕಳದಿಂದ ಹೊರಟ ಜಯರಾಮ ಬನಾನ್ 1986ರಲ್ಲಿ ದೆಹಲಿಯ ಡಿಫೆನ್ಸ್ ಕಾಲೊನಿ ಮಾರುಕಟ್ಟೆಯಲ್ಲಿ ಸಾಗರ್ ಎಂಬ ಹೋಟೆಲ್ ತೆರೆದರು. ಅದೇ ಮುಂದೆ ಸಾಗರ್ ರತ್ನ ಚೈನ್ ಆಗಿ ಉತ್ತರ ಭಾರತದ ನಗರಗಳಲ್ಲಿ ಹರಡಿತು. ಸಮ್ಮೇದ ಶಿಖರ್ಜಿ, ಹಸ್ತಿನಾಪುರ ಯಾತ್ರೆಗೆಂದು ದೆಹಲಿಯ ಮೂಲಕ ಹೋಗುವ ಕನ್ನಡಿಗರಿಗೆ ಇದು ಊರ ತಿಂಡಿ ಸಿಗುವ ಜಾಗ. ದೆಹಲಿಯಂಥ ನಗರದಲ್ಲಿ ಜೈನ್ ಎಂಬ ಪದ ಹೋಟೆಲಿನವರಿಗೆ ಚೆನ್ನಾಗಿ ಗೊತ್ತಿರುವುದು ಇನ್ನೊಂದು ಅನುಕೂಲ.

ಶರವಣ ಭವನ 1981ರಲ್ಲಿ ಚೆನ್ನೈನ ಕೆ.ಕೆ. ನಗರದಲ್ಲಿ ಆರಂಭವಾದದ್ದು. ಪೊಂಗಲ್, ಇಡ್ಲಿ, ಫಿಲ್ಟರ್ ಕಾಫಿಗೆ ಹೆಸರಾದ ಇದು ಗಲ್ಫ್, ಆಗ್ನೇಯ ಏಷ್ಯಾ, ಯುರೋಪ್, ಅಮೆರಿಕದವರೆಗೆ ಶಾಖೆ ಚಾಚಿತು. ಚೆನ್ನೈನದೇ ಆದ ಅಡ್ಯಾರ್ ಆನಂದ ಭವನವನ್ನು ಜನ ಎ2ಬಿ ಎಂದು ಕರೆಯುತ್ತಾರೆ. ಸಿಹಿತಿಂಡಿ ಅಂಗಡಿ ಮತ್ತು ಹೋಟೆಲ್ ಒಂದೇ ಕಟ್ಟಡದಲ್ಲಿರುವುದು, ಹೆದ್ದಾರಿಯುದ್ದಕ್ಕೂ ಶಾಖೆಗಳಿರುವುದು ಇದರ ವಿಶೇಷ. ಎರಡೂ ಸಸ್ಯಾಹಾರಿ ಹೋಟೆಲ್‌ಗಳೇ. ತಮಿಳುನಾಡಿನ ಅಡುಗೆಯಲ್ಲಿ ಸಾಂಬಾರಿಗೆ ಚಿಕ್ಕ ಈರುಳ್ಳಿ, ರಸಕ್ಕೆ ಬೆಳ್ಳುಳ್ಳಿ ಹಾಕುವ ರೂಢಿ ಇರುವುದನ್ನು ಮಾತ್ರ ನೆನಪಿಡಬೇಕು. ಕರ್ನಾಟಕದ ತಿಳಿಸಾರಿನಲ್ಲಿ ಬೆಳ್ಳುಳ್ಳಿ ಇರಲಾರದು ಎಂಬ ಎಣಿಕೆ ಅಲ್ಲಿ ನಡೆಯುವುದಿಲ್ಲ.

ಕಾಮತ್ ಮತ್ತು ರೊಟ್ಟಿ ಊಟ

ಕಾಮತ್ ಹೆಸರಿನ ಹೋಟೆಲ್‌ಗಳು ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಇವೆ. ಎಲ್ಲವೂ ಒಂದೇ ಮಾಲೀಕತ್ವದವಲ್ಲ. ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯಲ್ಲಿ ರಾಮನಗರದ ಜಾನಪದ ಲೋಕದ ಬಳಿಯಿರುವ ಕಾಮತ್ ಲೋಕರುಚಿ ಪ್ರಯಾಣಿಕರಿಗೆ ಬಹಳ ಪರಿಚಿತ. ಇಂಥ ಕಡೆ ಸಿಗುವ ಜೋಳದ ರೊಟ್ಟಿ ಊಟಕ್ಕೆ ಜೈನ ಕ್ರಮದಲ್ಲಿ ಒಂದು ಮಹತ್ವವಿದೆ. ರೊಟ್ಟಿಯನ್ನು ಆಗಿಂದಾಗಲೇ ಹಿಟ್ಟು ಕಲಸಿ ಬಡಿಯುತ್ತಾರೆ. ಹುಳಿ ಬರಿಸುವ ಪ್ರಶ್ನೆಯೇ ಇಲ್ಲ, ಹಿಟ್ಟಿಗೆ ಬೇರೇನೂ ಬೆರೆಸುವುದಿಲ್ಲ.

ತೊಡಕಿರುವುದು ಜೊತೆಯ ಪದಾರ್ಥಗಳಲ್ಲಿ. ಎಣ್ಣೆಗಾಯಿಯ ಮಸಾಲೆಯಲ್ಲಿ ಈರುಳ್ಳಿ ಇರುತ್ತದೆ, ಬದನೆಯೂ ಕೆಲವರಿಗೆ ವರ್ಜ್ಯ. ಶೇಂಗಾ ಚಟ್ನಿಪುಡಿಗೆ ಬೆಳ್ಳುಳ್ಳಿ ಹಾಕುವುದು ರೂಢಿ. ಕಾಳಿನ ಪಲ್ಯಗಳಿಗೂ ಈರುಳ್ಳಿ ಒಗ್ಗರಣೆ ಬೀಳುತ್ತದೆ. ಗುರೆಳ್ಳು ಅಥವಾ ಅಗಸೆ ಪುಡಿ, ತುಪ್ಪ, ಬೆಲ್ಲ, ಸೌತೆಕಾಯಿ ಹೋಳು ಕೇಳಿ ಪಡೆದರೆ ರೊಟ್ಟಿ ಊಟ ನಡೆಯುತ್ತದೆ. ಈ ಪುಡಿಗಳಲ್ಲೂ ಬೆಳ್ಳುಳ್ಳಿ ಇದೆಯೇ ಎಂದು ಒಂದು ಮಾತು ಕೇಳುವುದು ಒಳ್ಳೆಯದು.

ಥಾಲಿ ಮತ್ತು ಚಾಟ್ ಹೋಟೆಲ್‌ಗಳು

ಗುಜರಾತಿ, ರಾಜಸ್ಥಾನಿ ಥಾಲಿ ಬಡಿಸುವ ಚೈನ್‌ಗಳಲ್ಲಿ ಜೈನ ಊಟ ಹೊಸ ಬೇಡಿಕೆಯಲ್ಲ. ಮುಂಬೈ ಮೂಲದ ರಾಜಧಾನಿಯಂಥ ಕಡೆ ಜೈನ ಪದಾರ್ಥ ಬೇಕೆಂದರೆ ಬಡಿಸುವವರಿಗೆ ವಿವರಿಸಿ ಹೇಳುವ ಕಷ್ಟವಿಲ್ಲ. ಗಟ್ಟೆ, ಕೇರ್ ಸಾಂಗ್ರಿ, ಪಾಪಡ್ ಪಲ್ಯದಂಥ ಅಡುಗೆಗಳು ಹಸಿ ತರಕಾರಿ ಸಿಗದ ಒಣ ನಾಡಿನಲ್ಲಿ ಹುಟ್ಟಿದವು. ಆದ್ದರಿಂದ ಕಂದಮೂಲವಿಲ್ಲದೆಯೂ ಅವು ಪೂರ್ಣ ರುಚಿಯ ಅಡುಗೆಗಳು. ಆಲೂಗಡ್ಡೆ ತೆಗೆದ ಮಸಾಲೆ ದೋಸೆಯಲ್ಲಿ ಏನೋ ಕಡಿಮೆಯಾದಂತೆ ಅನ್ನಿಸಬಹುದು. ಗಟ್ಟೆ ಪಲ್ಯದಲ್ಲಿ ಹಾಗೆ ಅನ್ನಿಸುವುದಿಲ್ಲ. ಗಟ್ಟೆಯನ್ನು ಕಡಲೆಹಿಟ್ಟಿನಿಂದ ಮಾಡಿ ಮೊಸರಿನ ರಸದಲ್ಲಿ ಬೇಯಿಸುವುದರಿಂದ ದ್ವಿದಳ ಪಾಲಿಸುವವರು ಅದನ್ನು ಬಿಡುತ್ತಾರೆ.

ಹಲ್ದೀರಾಮ್ 1937ರಲ್ಲಿ ಬಿಕಾನೇರ್‌ನಲ್ಲಿ ಭುಜಿಯಾ ಅಂಗಡಿಯಾಗಿ ಹುಟ್ಟಿ ಇಂದು ಸಸ್ಯಾಹಾರಿ ಹೋಟೆಲ್‌ಗಳನ್ನೂ ನಡೆಸುತ್ತಿದೆ. ಪ್ಯಾಕೆಟ್ ತಿನಿಸು ಕೊಳ್ಳುವಾಗ ಹೆಸರು ನೋಡಿ ನಿರ್ಧರಿಸಬೇಕು: ಆಲೂ ಭುಜಿಯಾದಲ್ಲಿ ಆಲೂಗಡ್ಡೆಯಿದೆ, ಬಿಕಾನೇರಿ ಭುಜಿಯಾ ಮಡಕೆಕಾಳು ಮತ್ತು ಕಡಲೆಹಿಟ್ಟಿನದು. ಹಿಂಬದಿಯಲ್ಲಿ ಅಚ್ಚಾದ ಸಾಮಗ್ರಿ ಪಟ್ಟಿಯಲ್ಲಿ ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ ಇದ್ದರೆ ಗೊತ್ತಾಗುತ್ತದೆ.

ವಿದೇಶಿ ಮೂಲದ ಚೈನ್‌ಗಳು

ಪಿಜ್ಜಾ, ಬರ್ಗರ್ ಚೈನ್‌ಗಳು ಭಾರತಕ್ಕೆ ಬಂದದ್ದು 1990ರ ದಶಕದಲ್ಲಿ. ಮೆಕ್‌ಡೊನಾಲ್ಡ್ಸ್ 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆಯಿತು. ಅದೇ ವರ್ಷ ಪಿಜ್ಜಾ ಹಟ್ ಬೆಂಗಳೂರಿಗೆ ಬಂತು. ಮನೆಯ ಮಕ್ಕಳು ಇವುಗಳನ್ನು ಇಷ್ಟಪಡುತ್ತಾರೆ, ಗೆಳೆಯರ ಜೊತೆ ಹೋಗುತ್ತಾರೆ. ಹಾಗಾಗಿ ಇವುಗಳ ಅಡುಗೆಮನೆಯ ವಿಚಾರ ತಿಳಿದಿರುವುದು ಹಿರಿಯರಿಗೂ ಅಗತ್ಯ.

ಭಾರತದ ಮೆಕ್‌ಡೊನಾಲ್ಡ್ಸ್‌ನಲ್ಲಿ ಸಸ್ಯಾಹಾರ ಮತ್ತು ಮಾಂಸಾಹಾರದ ತಯಾರಿ ಪ್ರತ್ಯೇಕ, ಮೊಟ್ಟೆಯಿಲ್ಲದ ಮೇಯನೇಸ್ ಬಳಕೆಯಲ್ಲಿದೆ. ಆದರೂ ಕಟ್ಟಡ ಒಂದೇ. ಇದನ್ನು ಒಪ್ಪುವುದು ಬಿಡುವುದು ಆಯಾ ಕುಟುಂಬಕ್ಕೆ ಬಿಟ್ಟದ್ದು. ಪಿಜ್ಜಾ ಹಟ್ ಅಹಮದಾಬಾದ್‌ನಂಥ ನಗರದಲ್ಲಿ ಪೂರ್ತಿ ಸಸ್ಯಾಹಾರಿ ಶಾಖೆ ತೆರೆದು ಜೈನ ಪಿಜ್ಜಾ ಕೊಟ್ಟಿತು. ನವರಾತ್ರಿಯ ದಿನಗಳಲ್ಲಿ ಉತ್ತರ ಭಾರತದ ನೂರಾರು ಡೊಮಿನೋಸ್ ಅಂಗಡಿಗಳು ಸಸ್ಯಾಹಾರಿಯಾಗಿ ಬದಲಾದದ್ದೂ ಇದೆ. ಕೇಳುವ ಜನ ಸಾಕಷ್ಟಿದ್ದರೆ ದೊಡ್ಡ ಚೈನ್ ಕೂಡ ತನ್ನ ಅಡುಗೆಮನೆಯನ್ನು ಬದಲಿಸುತ್ತದೆ ಎಂಬುದಕ್ಕೆ ಇವು ಉದಾಹರಣೆ.

ಕೇಳದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೂ ಒಂದು ಉದಾಹರಣೆಯಿದೆ. ಅಮೆರಿಕದ ಮೆಕ್‌ಡೊನಾಲ್ಡ್ಸ್ 1990ರಲ್ಲಿ ತನ್ನ ಫ್ರೆಂಚ್ ಫ್ರೈಸ್‌ಗೆ ಸಸ್ಯದ ಎಣ್ಣೆ ಮಾತ್ರ ಬಳಸುವುದಾಗಿ ಪ್ರಕಟಿಸಿತು. ಸಸ್ಯಾಹಾರಿಗಳು ಅದನ್ನು ನಂಬಿ ತಿಂದರು. ಆಲೂಗಡ್ಡೆಯನ್ನು ಸಂಸ್ಕರಿಸುವ ಹಂತದಲ್ಲೇ ಗೋಮಾಂಸದಿಂದ ತೆಗೆದ ರುಚಿಕಾರಕ ಸೇರುತ್ತಿತ್ತೆಂಬುದು ಆಮೇಲೆ ಬಯಲಾಯಿತು. 2001ರಲ್ಲಿ ಸಿಯಾಟಲ್‌ನಲ್ಲಿ ಮೊಕದ್ದಮೆ ಹೂಡಲಾಯಿತು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, ಸಸ್ಯಾಹಾರಿ ಹಾಗೂ ಧಾರ್ಮಿಕ ಸಂಘಟನೆಗಳಿಗೆ 1 ಕೋಟಿ ಡಾಲರ್ ಕೊಡಲು ಒಪ್ಪಿತು. ಎಣ್ಣೆಯ ಬಗ್ಗೆ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಪೂರ್ತಿ ಮಾತನ್ನು ಹೇಳಿರಲಿಲ್ಲ ಅಷ್ಟೆ. ಇಷ್ಟು ವರ್ಷ ಅರಿವಿಲ್ಲದೆ ತಿಂದವರಿಗೆ ಆದ ನೋವನ್ನು ಹಣ ತುಂಬಿಕೊಡಲಾರದು.

ವಿದೇಶದಲ್ಲಿರುವವರು ಚೀಸ್ ವಿಷಯದಲ್ಲೂ ಎಚ್ಚರ ವಹಿಸಬೇಕು. ಹಾಲು ಒಡೆಯಲು ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುವ ಚೀಸ್‌ಗಳಿವೆ. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸನ್ನು ಕರುವಿನ ರೆನೆಟ್‌ನಿಂದಲೇ ಮಾಡಬೇಕೆಂಬ ನಿಯಮವಿದೆ.

ಹಸಿರು ಚುಕ್ಕೆ ಹೇಳುವುದೇನು, ಹೇಳದಿರುವುದೇನು

ಭಾರತದಲ್ಲಿ ಪ್ಯಾಕೆಟ್ ಆಹಾರದ ಮೇಲೆ ಸಸ್ಯಾಹಾರಕ್ಕೆ ಹಸಿರು ಗುರುತು ಕಡ್ಡಾಯ. ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ತಂದ ನಿಯಮದ ಪ್ರಕಾರ 10 ಅಥವಾ ಹೆಚ್ಚು ಕಡೆ ಶಾಖೆಯಿರುವ ಹೋಟೆಲ್‌ಗಳು ಮೆನುವಿನಲ್ಲಿ ಕ್ಯಾಲೊರಿ ಪ್ರಮಾಣ, ಅಲರ್ಜಿ ತರುವ ಪದಾರ್ಥಗಳ ಮಾಹಿತಿ, ಸಸ್ಯಾಹಾರ–ಮಾಂಸಾಹಾರದ ಗುರುತು ತೋರಿಸಬೇಕು. ಚಿಕ್ಕ ಹೋಟೆಲಿಗಿಲ್ಲದ ಈ ಹೊಣೆ ಚೈನ್‌ಗಳಿಗಿದೆ.

ಈ ಗುರುತಿನ ಮಿತಿಯನ್ನೂ ತಿಳಿದಿರಬೇಕು. ಹಸಿರು ಚುಕ್ಕೆ ಇರುವ ಆಹಾರದಲ್ಲಿ ಮಾಂಸ, ಮೊಟ್ಟೆ ಇಲ್ಲ. ಈರುಳ್ಳಿ, ಆಲೂಗಡ್ಡೆ, ಜೇನುತುಪ್ಪ ಧಾರಾಳವಾಗಿ ಇರಬಹುದು. ಜೈನ ಆಹಾರಕ್ಕೆ ಕಾನೂನಿನಲ್ಲಿ ಪ್ರತ್ಯೇಕ ಚುಕ್ಕೆಯಿಲ್ಲ. ವಿಮಾನಯಾನದಲ್ಲಿ ಜೈನ ಊಟಕ್ಕೆ ವಿಜೆಎಂಎಲ್ ಎಂಬ ಸಂಕೇತವಿದ್ದು ಟಿಕೆಟ್ ಕಾಯ್ದಿರಿಸುವಾಗಲೇ ಕೇಳಬಹುದು. ಹೋಟೆಲ್‌ಗಳಲ್ಲಿ ಅಂಥ ಸಂಕೇತವಿಲ್ಲದ ಕಾರಣ ಜೈನ್ ಎಂಬ ಪದಕ್ಕೆ ಊರಿಗೊಂದು ಅರ್ಥ. ಅಹಮದಾಬಾದ್, ಮುಂಬೈಯಲ್ಲಿ ಅದು ಕಂದಮೂಲವೇ ಇಲ್ಲ ಎಂಬ ಅರ್ಥ ಕೊಡುತ್ತದೆ. ಕರ್ನಾಟಕದ ಬಹಳಷ್ಟು ಹೋಟೆಲ್‌ಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲ ಎಂಬಷ್ಟೇ ಅರ್ಥ. ಜೈನ್ ಎಂದು ತಂದುಕೊಟ್ಟ ಕುರ್ಮದಲ್ಲಿ ಆಲೂಗಡ್ಡೆ, ಕ್ಯಾರೆಟ್ ತೇಲುತ್ತಿರುವುದು ಅಪರೂಪವಲ್ಲ.

ಸೆಂಟ್ರಲ್ ಕಿಚನ್: ಅನುಕೂಲ ಮತ್ತು ಅಡ್ಡಿ

ಹೆಚ್ಚು ಶಾಖೆಗಳಿರುವ ಹೋಟೆಲಿನಲ್ಲಿ ಹಿಟ್ಟು ರುಬ್ಬುವುದು, ಮಸಾಲೆ ಅರೆಯುವುದು, ಸಿಹಿ ಮಾಡುವುದು ಒಂದೇ ಕಡೆ ನಡೆಯುತ್ತದೆ. ಅಲ್ಲಿಂದ ಬೆಳಗಿನ ಜಾವ ವ್ಯಾನುಗಳಲ್ಲಿ ಶಾಖೆಗಳಿಗೆ ಹೋಗುತ್ತದೆ. ಅಳತೆ ಬರೆದಿಟ್ಟ ಪ್ರಕಾರವೇ ಇರುವುದರಿಂದ ಸಾಂಬಾರಿನಲ್ಲಿ ಏನಿದೆ ಎಂಬ ಪ್ರಶ್ನೆಗೆ ಎಲ್ಲ ಶಾಖೆಗಳಲ್ಲೂ ಒಂದೇ ಉತ್ತರ ಸಿಗಬೇಕು. ಒಮ್ಮೆ ವಿಚಾರಿಸಿ ತಿಳಿದುಕೊಂಡರೆ ಬೇರೆ ಊರಿನ ಶಾಖೆಯಲ್ಲೂ ಅದು ಉಪಯೋಗಕ್ಕೆ ಬರುತ್ತದೆ. ಇದು ಅನುಕೂಲ.

ಬಂದ ಮಸಾಲೆಯನ್ನು ಶಾಖೆಯಲ್ಲಿ ಬದಲಿಸಲು ಬರುವುದಿಲ್ಲ ಎಂಬುದು ಅಡ್ಡಿ. ಗ್ರೇವಿಯಲ್ಲೇ ಈರುಳ್ಳಿ ಅರೆದು ಬಂದಿದ್ದರೆ ಭಟ್ಟರು ಎಷ್ಟೇ ಒಳ್ಳೆಯ ಮನಸ್ಸಿನವರಾದರೂ ಅದನ್ನು ಹೊರತೆಗೆಯಲಾರರು. ಮೇಲೆ ಉದುರಿಸುವ ಈರುಳ್ಳಿ ಬಿಟ್ಟು ಕೊಡುವುದಷ್ಟೇ ಸಾಧ್ಯ. ಆದ್ದರಿಂದ ಜೈನ ಗಿರಾಕಿಗೆ ಒಳ್ಳೆಯ ಚೈನ್ ಹೋಟೆಲ್ ಎಂದರೆ ಮೂಲ ಪದಾರ್ಥವನ್ನು ಶುದ್ಧವಾಗಿಟ್ಟು, ಈರುಳ್ಳಿ, ಬೆಳ್ಳುಳ್ಳಿ, ಪಲ್ಯಗಳನ್ನು ಕೊನೆಯ ಹಂತದಲ್ಲಿ ಸೇರಿಸುವಂಥದ್ದು. ದೋಸೆ, ಪೊಂಗಲ್, ರೊಟ್ಟಿಯ ಹೋಟೆಲ್‌ಗಳು ಗ್ರೇವಿ ಹೋಟೆಲ್‌ಗಳಿಗಿಂತ ಮೇಲಾಗುವುದು ಈ ಕಾರಣಕ್ಕೆ.

ತಿಂಡಿವಾರು ಗಮನಿಸಬೇಕಾದದ್ದು

ಇಡ್ಲಿ: ಕಂದಮೂಲವಿಲ್ಲ. ಹುಳಿಹಿಟ್ಟು ಬಿಟ್ಟವರಿಗೆ ಆಗುವುದಿಲ್ಲ. ಸಾಂಬಾರ್ ಬೇರೆ ಬಟ್ಟಲಿನಲ್ಲಿ ಕೇಳಬೇಕು. ಅದರಲ್ಲೇ ಮುಳುಗಿಸಿ ತರುವ ಹೋಟೆಲ್‌ಗಳಿವೆ.

ದೋಸೆ: ಸಾದಾ ದೋಸೆ, ಕೆಂಪು ಚಟ್ನಿ ಬೇಡ ಎಂದು ಹೇಳಬೇಕು. ಕೆಲವೆಡೆ ಕಾವಲಿಗೆ ಎಣ್ಣೆ ಸವರಲು ಅರ್ಧ ಹೆಚ್ಚಿದ ಈರುಳ್ಳಿ ಬಳಸುತ್ತಾರೆ. ಕಂದಮೂಲ ಪೂರ್ತಿ ಬಿಟ್ಟವರು ಇದನ್ನು ವಿಚಾರಿಸಲೇಬೇಕು. ಆಲೂಗಡ್ಡೆಯ ಬದಲು ಬಾಳೆಕಾಯಿ ಪಲ್ಯ ಹಾಕಿದ ಜೈನ ಮಸಾಲೆ ದೋಸೆ ಕೆಲವು ಹೋಟೆಲ್‌ಗಳಲ್ಲಿ ಸಿಗುತ್ತದೆ.

ಉದ್ದಿನ ವಡೆ: ಹಿಟ್ಟಿಗೆ ಹಸಿಶುಂಠಿ ಬೀಳುವುದು ಸಾಮಾನ್ಯ, ಕೆಲವೆಡೆ ಈರುಳ್ಳಿಯೂ ಇರುತ್ತದೆ.

ಉಪ್ಪಿಟ್ಟು: ಈರುಳ್ಳಿ ಇಲ್ಲದ ಹೋಟೆಲ್ ಉಪ್ಪಿಟ್ಟು ವಿರಳ. ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮಾಡಿಡುವುದರಿಂದ ಬದಲಿಸಿ ಕೊಡಲು ಆಗುವುದಿಲ್ಲ.

ಪೊಂಗಲ್: ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ, ತುಪ್ಪ. ಹುಳಿ ಬರಿಸುವುದಿಲ್ಲ, ಈರುಳ್ಳಿ ಹಾಕುವುದಿಲ್ಲ. ಹಸಿಶುಂಠಿಯೊಂದನ್ನು ಕೇಳಿಕೊಂಡರೆ ಸಾಕು. ಹೊಟ್ಟೆ ತುಂಬುವ ತಿಂಡಿಗಳಲ್ಲಿ ಇದೇ ಹೆಚ್ಚು ನಿರಾತಂಕ. ದ್ವಿದಳ ಪಾಲಿಸುವವರು ಜೊತೆಗೆ ಮೊಸರು ತೆಗೆದುಕೊಳ್ಳಬಾರದು.

ಪೂರಿ: ಪೂರಿಗೆ ತೊಂದರೆಯಿಲ್ಲ, ಸಾಗು ಆಲೂಗಡ್ಡೆಯದು. ತುಪ್ಪ, ಸಕ್ಕರೆ ಅಥವಾ ತೆಂಗಿನಕಾಯಿ ಚಟ್ನಿಯ ಜೊತೆ ತಿನ್ನಬಹುದು.

ಗೋಳಿಬಜೆ: ಮೈದಾಕ್ಕೆ ಮೊಸರು ಹಾಕಿ ನೆನೆಸಿಡುವ ಹಿಟ್ಟು, ಹಸಿಶುಂಠಿ ಇರುತ್ತದೆ.

ಮೊಸರನ್ನ: ಒಗ್ಗರಣೆಯ ಉದ್ದಿನಬೇಳೆ, ಮೇಲೆ ಉದುರಿಸಿದ ಕ್ಯಾರೆಟ್ ತುರಿ ಗಮನಿಸಬೇಕು.

ಕೇಸರಿಬಾತ್, ಕಾಫಿ, ಹಾಲು: ಸಾಮಾನ್ಯವಾಗಿ ತೊಡಕಿಲ್ಲ.

ಹೊತ್ತಿನ ಲೆಕ್ಕ

ರಾತ್ರಿಭೋಜನ ತ್ಯಾಗ ಪಾಲಿಸುವವರಿಗೆ ಹೋಟೆಲ್ ಆಯ್ಕೆಯಲ್ಲಿ ಸಮಯ ದೊಡ್ಡ ವಿಷಯ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ ಸೂರ್ಯಾಸ್ತ ಸುಮಾರು 5.50ಕ್ಕೆ, ಜುಲೈಯಲ್ಲಿ ಸುಮಾರು 6.50ಕ್ಕೆ. ದೆಹಲಿಯಲ್ಲಿ ಡಿಸೆಂಬರ್ ಆರಂಭದಲ್ಲಿ 5.25ರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಲಂಡನ್ನಿನಲ್ಲಿ ಡಿಸೆಂಬರ್ ಮಧ್ಯದಲ್ಲಿ ಮಧ್ಯಾಹ್ನ 4 ಗಂಟೆಗೆ ಮೊದಲೇ ಸೂರ್ಯಾಸ್ತ, ಜೂನ್‌ನಲ್ಲಿ ರಾತ್ರಿ 9.20ರವರೆಗೂ ಬೆಳಕು. ಸಿಂಗಪುರದಲ್ಲಿ ವರ್ಷವಿಡೀ 7 ಗಂಟೆಯ ಆಸುಪಾಸು.

ಊಟದ ಹೋಟೆಲ್‌ಗಳಲ್ಲಿ ಮಧ್ಯಾಹ್ನದ ಊಟ 3ಕ್ಕೆ ಮುಗಿದು ರಾತ್ರಿಯ ಊಟ 7ಕ್ಕೆ ಆರಂಭವಾಗುವುದು ಸಾಮಾನ್ಯ. ಜೈನ ಕುಟುಂಬ ಊಟಕ್ಕೆ ಕೂರುವ ಹೊತ್ತು ಇವೆರಡರ ನಡುವೆ ಬೀಳುತ್ತದೆ. ಥಾಲಿ ಎಷ್ಟೇ ಚೆನ್ನಾಗಿದ್ದರೂ 5 ಗಂಟೆಗೆ ಬಾಗಿಲು ಮುಚ್ಚಿದ್ದರೆ ಪ್ರಯೋಜನವಿಲ್ಲ. ದರ್ಶಿನಿಗಳು, ಹೆದ್ದಾರಿ ಹೋಟೆಲ್‌ಗಳು ಇಡೀ ದಿನ ಕಾವಲಿ ಬಿಸಿಯಾಗಿಟ್ಟಿರುವುದರಿಂದ ಸಂಜೆ 4ರಿಂದ 6ರ ನಡುವೆ ನಿಜವಾಗಿ ನೆರವಿಗೆ ಬರುವುದು ಅವೇ. ಶ್ರವಣಬೆಳಗೊಳ, ಧರ್ಮಸ್ಥಳ ಕಡೆಯಿಂದ ಕಾರಿನಲ್ಲಿ ಮರಳುವವರು ದಾರಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದನ್ನು ಹೊರಡುವ ಮೊದಲೇ ಗೊತ್ತು ಮಾಡಿಕೊಂಡರೆ ಹಿರಿಯರು ಉಪವಾಸ ಮಲಗುವ ಸಂದರ್ಭ ಬರುವುದಿಲ್ಲ.

ಕೇಳುವ ರೀತಿ

ಜೈನ್ ಇದೆಯೇ ಎಂದು ಕೇಳಿದರೆ ಇದೆ ಎಂಬ ಉತ್ತರ ಸುಲಭವಾಗಿ ಬರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್, ಹಸಿಶುಂಠಿ ಎಂದು ಒಂದೊಂದನ್ನೇ ಹೆಸರಿಸಿ ಕೇಳುವುದು ಸರಿಯಾದ ಕ್ರಮ. ಸಪ್ಲೈಯರ್‌ಗೆ ಖಚಿತವಿಲ್ಲದಿದ್ದರೆ ಭಟ್ಟರನ್ನೇ ಕೇಳಿ ಬರಲು ವಿನಂತಿಸಬಹುದು. ಹೋಟೆಲ್ ತುಂಬಿರದ ಹೊತ್ತಿನಲ್ಲಿ ಹೋದರೆ ಉತ್ತರವೂ ತಾಳ್ಮೆಯಿಂದ ಸಿಗುತ್ತದೆ, ದೋಸೆಯೂ ತೊಳೆದ ಕಾವಲಿಯ ಮೇಲೆ ಬರುತ್ತದೆ. ಗೊತ್ತಿಲ್ಲ, ವಿಚಾರಿಸಿ ಹೇಳುತ್ತೇವೆ ಎನ್ನುವ ಹೋಟೆಲ್, ಏನೂ ಹಾಕಿಲ್ಲ ಎಂದು ತಕ್ಷಣ ಹೇಳಿಬಿಡುವ ಹೋಟೆಲಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಒಂದೇ ಕುಟುಂಬದಲ್ಲಿ ಅಜ್ಜಿ ಕಂದಮೂಲ ಪೂರ್ತಿ ಬಿಟ್ಟಿರುತ್ತಾರೆ, ಮಗ ಪರ್ವದ ದಿನಗಳಲ್ಲಿ ಮಾತ್ರ ಬಿಡುತ್ತಾನೆ, ಮೊಮ್ಮಕ್ಕಳಿಗೆ ಪಿಜ್ಜಾ ಬೇಕು. ಎಲ್ಲರೂ ಒಂದೇ ಮೇಜಿನ ಸುತ್ತ ಕೂತು, ಅಜ್ಜಿ ಬರೀ ಹಾಲು ಕುಡಿದು ಏಳುವಂತಾಗದೆ ಊಟ ಮುಗಿಸಲು ಸಾಧ್ಯವಾದರೆ ಆ ಹೋಟೆಲ್ ಆ ಮನೆಯವರಿಗೆ ನೆಚ್ಚಿನದಾಗುತ್ತದೆ. ಶಾಖೆಗಳು ಎಷ್ಟಿವೆ, ಹೆಸರು ಎಷ್ಟು ಹಳೆಯದು ಎಂಬುದೆಲ್ಲ ಅದರ ನಂತರದ ಮಾತು.